ಪೈಲಟ್‌ಗಳು ಸಂಬಳದ ಏರಿಕೆಗೆ ಬೇಡ ಎಂದದ್ದೇಕೆ?

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2022ರ ಜೂನ್‌ನಲ್ಲಿ ತನ್ನ ಪೈಲಟ್‌ಗಳ ಸಂಘದ ಜೊತೆ ಒಂದು ಕರಡು ಒಪ್ಪಂದಕ್ಕೆ ಬಂತು. ಒಂದೂವರೆ ವರ್ಷದೊಳಗೆ ಸಂಬಳ ಶೇ. 14ಕ್ಕೂ ಮಿಕ್ಕಿ ಏರುವ ಒಪ್ಪಂದ ಅದು. ಕೋವಿಡ್‌ನ ಹೊಡೆತದಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಉದ್ಯಮದಲ್ಲಿ ಇಂಥದ್ದೊಂದು ಮಾತು ಕೊಟ್ಟ ಮೊದಲ ದೊಡ್ಡ ಕಂಪನಿ ತಾನು ಎಂದು ಯುನೈಟೆಡ್ ಹೇಳಿಕೊಂಡಿತು. ಸಂಘದ ನಿಯಮದಂತೆ ಕರಡು ಪೈಲಟ್‌ಗಳ ಮತಕ್ಕೆ ಹೋಯಿತು. ನವೆಂಬರ್ 1ರಂದು ಫಲಿತಾಂಶ ಬಂದಾಗ ಮತ ಹಾಕಿದವರಲ್ಲಿ ಶೇ. 94 ಮಂದಿ ಬೇಡ ಎಂದಿದ್ದರು. ದೊಡ್ಡ ವಿಮಾನ ಹಾರಿಸುವ ಹಿರಿಯ ಕ್ಯಾಪ್ಟನ್ ಆಗಲೇ ವರ್ಷಕ್ಕೆ ಮೂರು ಲಕ್ಷ ಡಾಲರ್ ದಾಟಿ ಸಂಪಾದಿಸುತ್ತಿದ್ದ. ಇಂಥವರು ಏರಿಕೆಯನ್ನೂ ತಿರಸ್ಕರಿಸಿದರೆ ಹೊರಗಿನವರಿಗೆ ಅದು ದುರಾಸೆಯಂತೆ ಕಾಣುವುದು ಸಹಜ. ಆದರೆ ಆ ಮತಪತ್ರ ಪೈಲಟ್‌ನ ಬದುಕಿನಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ಬೇರೆ ವೃತ್ತಿಯವರು ರಾಜೀನಾಮೆ ಪತ್ರದಿಂದ ಮಾಡಿಕೊಳ್ಳುವ ಕೆಲಸವನ್ನು ಅಮೆರಿಕದ ಪೈಲಟ್ ಈ ಮತದಿಂದಲೇ ಮಾಡಿಕೊಳ್ಳಬೇಕು. ಅವನಿಗೆ ಬೇರೆ ದಾರಿ ಉಳಿದಿಲ್ಲ.

ಇದಕ್ಕೆ ಕಾರಣ ಸೀನಿಯಾರಿಟಿ ಪಟ್ಟಿ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಸಂಬಳ ಸಾಲದೆನಿಸಿದರೆ ಎದುರು ಕಟ್ಟಡದ ಕಂಪನಿಗೆ ಹೋಗುತ್ತಾನೆ. ಅವನ ಹತ್ತು ವರ್ಷದ ಅನುಭವಕ್ಕೆ ಅಲ್ಲಿ ಬೆಲೆ ಕಟ್ಟುತ್ತಾರೆ. ಅಮೆರಿಕದ ವಿಮಾನ ಕಂಪನಿಗಳಲ್ಲಿ ಹಾಗಿಲ್ಲ. ಯಾವ ವಿಮಾನ ಹಾರಿಸಬೇಕು, ಕ್ಯಾಪ್ಟನ್ ಸೀಟೋ ಫಸ್ಟ್ ಆಫೀಸರ್ ಸೀಟೋ, ಯಾವ ಊರು ನೆಲೆ, ಯಾವ ವಾರ ರಜೆ, ಕ್ರಿಸ್‌ಮಸ್ ದಿನ ಮನೆಯಲ್ಲಿರಬೇಕೋ ದೂರದ ಆಂಕರೇಜ್‌ನ ಹೋಟೆಲಿನಲ್ಲಿರಬೇಕೋ ಎಂಬುದನ್ನೆಲ್ಲ ತೀರ್ಮಾನಿಸುವುದು ಕೆಲಸಕ್ಕೆ ಸೇರಿದ ದಿನಾಂಕ. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಮತ್ತೊಂದು ಕಂಪನಿಗೆ ಹೋದರೆ ಅಲ್ಲಿನ ಪಟ್ಟಿಯ ಕಟ್ಟಕಡೆಗೆ, ನಿನ್ನೆ ಸೇರಿದ ಹುಡುಗನ ಕೆಳಗೆ, ಮೊದಲ ವರ್ಷದ ಸಂಬಳಕ್ಕೆ ನಿಲ್ಲಬೇಕು. ಹೀಗಾಗಿ ನಲವತ್ತು ದಾಟಿದ ಪೈಲಟ್ ಕಂಪನಿ ಬಿಡುವ ಮಾತೇ ಇಲ್ಲ. ಕಂಪನಿಗೂ ಇದು ಚೆನ್ನಾಗಿ ಗೊತ್ತು. ಬಿಟ್ಟು ಹೋಗಲಾರದವನಿಗೆ ಮಾರುಕಟ್ಟೆಯ ಬೆಲೆ ತಾನಾಗಿ ಸಿಗುವುದಿಲ್ಲ. ಅದನ್ನು ಎಲ್ಲರೂ ಸೇರಿ ಕೇಳಿ ಪಡೆಯಬೇಕು.

ಕೇಳುವ ಅವಕಾಶವೂ ಅಪರೂಪ. ರೈಲು ಕಾರ್ಮಿಕರಿಗಾಗಿ 1926ರಲ್ಲಿ ಮಾಡಿದ ರೈಲ್ವೆ ಲೇಬರ್ ಆಕ್ಟ್ ಎಂಬ ಕಾನೂನನ್ನು 1936ರಲ್ಲಿ ವಿಮಾನ ಕಂಪನಿಗಳಿಗೂ ವಿಸ್ತರಿಸಲಾಯಿತು. ಸಾರಿಗೆ ನಿಲ್ಲಬಾರದು ಎಂಬುದೇ ಅದರ ಉದ್ದೇಶ. ಆ ಕಾನೂನಿನಡಿ ಒಪ್ಪಂದಕ್ಕೆ ಮುಕ್ತಾಯವೇ ಇಲ್ಲ. ಗೊತ್ತಾದ ದಿನಾಂಕ ಬಂದಾಗ ತಿದ್ದುಪಡಿಗೆ ಮಾತುಕತೆ ಶುರು ಮಾಡಬಹುದು, ಅಷ್ಟೆ. ಹೊಸದು ಕುದುರುವ ತನಕ ಹಳೆಯದೇ ನಡೆಯುತ್ತದೆ. ಯುನೈಟೆಡ್‌ನ ಹಳೆಯ ಒಪ್ಪಂದದ ದಿನಾಂಕ 2019ರ ಜನವರಿಗೇ ಬಂದಿತ್ತು. ಹೊಸದು ಜಾರಿಗೆ ಬಂದದ್ದು 2023ರ ಸೆಪ್ಟೆಂಬರ್ ಕೊನೆಯಲ್ಲಿ. ನಡುವೆ ಮುಷ್ಕರ ಹೂಡಬಹುದಲ್ಲ ಎಂದರೆ ಅದೂ ಸುಲಭವಲ್ಲ. ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಇನ್ನು ಮಾತುಕತೆಯಿಂದ ಪ್ರಯೋಜನವಿಲ್ಲ ಎಂದು ಕೈಬಿಡಬೇಕು, ಆಮೇಲೆ 30 ದಿನ ಕಾಯಬೇಕು, ಅದಾದ ಮೇಲೂ ಅಧ್ಯಕ್ಷರು ತಡೆಯಬಹುದು. ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು 1997ರ ಫೆಬ್ರವರಿಯಲ್ಲಿ ಮುಷ್ಕರ ಆರಂಭಿಸಿದ ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದರು. ಎರಡು ವರ್ಷದ ಬಳಿಕ ಅದೇ ಕಂಪನಿಯಲ್ಲಿ ಪೈಲಟ್‌ಗಳು ಸಾಮೂಹಿಕವಾಗಿ ಕಾಯಿಲೆ ರಜೆ ಹಾಕಿದಾಗ ನ್ಯಾಯಾಲಯ ಅವರ ಸಂಘಕ್ಕೆ ನಾಲ್ಕೂವರೆ ಕೋಟಿ ಡಾಲರ್ ಮೀರಿದ ದಂಡ ಹಾಕಿತು. ಬಿಟ್ಟು ಹೋಗುವಂತಿಲ್ಲ, ಕೆಲಸ ನಿಲ್ಲಿಸುವಂತಿಲ್ಲ, ನಿಧಾನ ಮಾಡುವಂತೆಯೂ ಇಲ್ಲ. ಉಳಿದದ್ದು ಹೌದು ಅಥವಾ ಬೇಡ ಎನ್ನುವ ಒಂದು ಮತ. ಇಂದು ಹೌದು ಎಂದರೆ ಅದೇ ಕಾಗದದ ಕೆಳಗೆ ಏಳೆಂಟು ವರ್ಷ ಕಳೆಯಬೇಕಾಗಿ ಬರಬಹುದು ಎಂದು ಗೊತ್ತಿರುವವನು ಅವಸರ ಪಡುವುದಿಲ್ಲ.

ಇನ್ನು ಆ ಕಾಗದದಲ್ಲಿ ಏನಿರುತ್ತದೆ ಎಂಬುದು. ಪತ್ರಿಕೆಗಳು ಬರೆಯುವುದು ಶೇಕಡಾವಾರು ಏರಿಕೆಯೊಂದನ್ನೇ. ನೂರಾರು ಪುಟಗಳ ಒಪ್ಪಂದದಲ್ಲಿ ಅದು ಕೆಲವು ಕೋಷ್ಟಕಗಳ ವಿಷಯ. ಮಿಕ್ಕದ್ದೆಲ್ಲ ಹೊತ್ತಿನ ಲೆಕ್ಕ. ಅಮೆರಿಕದ ಪೈಲಟ್‌ಗೆ ಸಂಬಳ ಮುಖ್ಯವಾಗಿ ಹಾರಾಟದ ಗಂಟೆಗೆ: ವಿಮಾನ ಗೇಟು ಬಿಟ್ಟು ಕದಲಿದಲ್ಲಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವ ತನಕ. ಹವಾಮಾನ ವರದಿ ಓದುವ ಹೊತ್ತು, ಎರಡು ಹಾರಾಟಗಳ ನಡುವೆ ನಿಲ್ದಾಣದಲ್ಲಿ ಕುಳಿತ ನಾಲ್ಕು ಗಂಟೆ, ಬೇರೆ ಊರಿನ ಹೋಟೆಲಿನಲ್ಲಿ ಕಳೆದ ರಾತ್ರಿ, ಇವು ಆ ಲೆಕ್ಕಕ್ಕೆ ಬರುವುದಿಲ್ಲ. ಮೂರು ದಿನ ಮನೆ ಬಿಟ್ಟವನಿಗೆ ಹತ್ತೇ ಗಂಟೆಯ ಹಾರಾಟ ಸಿಕ್ಕರೆ ಎಷ್ಟು ಗಂಟೆಯ ಸಂಬಳ ಕೊಡಬೇಕು? ತಿಂಗಳಿಗೆ ಕನಿಷ್ಠ ಎಷ್ಟು ಗಂಟೆಯ ಖಾತ್ರಿ? ಕಂಪನಿ ಹಾರಾಟ ರದ್ದು ಮಾಡಿದರೆ ಆ ದುಡ್ಡು ಯಾರದು? ರಿಸರ್ವ್‌ನಲ್ಲಿರುವ ಪೈಲಟ್, ಅಂದರೆ ಕರೆ ಬಂದರೆ ಹೊರಡಲು ಸಿದ್ಧನಾಗಿ ಮನೆಯಲ್ಲಿ ಕಾಯುವವನು, ಕರೆ ಬಂದ ಎಷ್ಟು ಹೊತ್ತಿಗೆ ವಿಮಾನ ನಿಲ್ದಾಣದಲ್ಲಿರಬೇಕು? ರಜೆಯ ದಿನ ಕಂಪನಿ ಅವನನ್ನು ಬಲವಂತವಾಗಿ ಕರೆಯಬಹುದೇ? ಪೈಲಟ್‌ಗಳು ಸಭೆಗಳಲ್ಲಿ ಜಗ್ಗಾಡುವುದು ಹೆಚ್ಚಾಗಿ ಇಂಥ ಪ್ರಶ್ನೆಗಳ ಮೇಲೆ. ಇದು ಬರೀ ಮಾತಲ್ಲ ಎನ್ನುವುದಕ್ಕೆ ಯುನೈಟೆಡ್‌ನಲ್ಲೇ ಪುರಾವೆ ಇದೆ. ಆ ವರ್ಷಗಳಲ್ಲಿ ಕಂಪನಿ ಪ್ರಕಟಿಸಿದ ನೂರಾರು ಕ್ಯಾಪ್ಟನ್ ಹುದ್ದೆಗಳಿಗೆ ಯಾರೂ ಅರ್ಜಿಯನ್ನೇ ಹಾಕಲಿಲ್ಲ. ಸಂಬಳ ಬಹಳ ಹೆಚ್ಚು, ಗೌರವವೂ ಹೆಚ್ಚು. ಆದರೆ ಫಸ್ಟ್ ಆಫೀಸರ್‌ಗಳಲ್ಲಿ ಹಿರಿಯನಾಗಿ ಬೇಕಾದ ದಿನ ರಜೆ ಪಡೆಯುತ್ತಿದ್ದವನು ಬಡ್ತಿ ಪಡೆದರೆ ಕ್ಯಾಪ್ಟನ್‌ಗಳಲ್ಲಿ ಕಟ್ಟಕಡೆಯವನಾಗಿ ರಿಸರ್ವ್‌ನಲ್ಲಿ ಫೋನ್ ಕಾಯಬೇಕು. ದುಡ್ಡಿಗಿಂತ ಬಿಡುವಿನ ದಿನ ದೊಡ್ಡದು ಎಂದು ಅವರು ಹೀಗೆ ತೋರಿಸಿಕೊಟ್ಟರು. ದುರಾಸೆಯ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಾಣುವುದಿಲ್ಲ.

ಶೇಕಡಾವಾರು ಏರಿಕೆಯನ್ನೂ ಹಾಗೇ ನಂಬುವಂತಿಲ್ಲ. ಕರಡು ಒಪ್ಪಂದ ಬಂದ 2022ರ ಜೂನ್‌ನಲ್ಲಿ ಅಮೆರಿಕದ ವಾರ್ಷಿಕ ಹಣದುಬ್ಬರ ಶೇ. 9.1, ನಲವತ್ತು ವರ್ಷಗಳಲ್ಲೇ ಹೆಚ್ಚು. 2019ರಿಂದ ಹೊಸ ಒಪ್ಪಂದವೇ ಇಲ್ಲದೆ ಕಳೆದ ವರ್ಷಗಳನ್ನೂ ಸೇರಿಸಿದರೆ ಶೇ. 14ರಲ್ಲಿ ನಿಜವಾದ ಏರಿಕೆ ಎಂದು ಉಳಿಯುವುದು ಅಷ್ಟಕ್ಕಷ್ಟೆ. ತಡವಾದ ವರ್ಷಗಳ ಬಾಕಿಯನ್ನು ಕೊಡಲೇಬೇಕೆಂದು ಕಾನೂನಿಲ್ಲ. ಅದನ್ನೂ ಚೌಕಾಸಿ ಮಾಡಿಯೇ ಪಡೆಯಬೇಕು. ಇಲ್ಲಿ ವಯಸ್ಸಿನ ಮಾತು ಬರುತ್ತದೆ. ಪ್ರಯಾಣಿಕರ ವಿಮಾನ ಕಂಪನಿಯ ಪೈಲಟ್ 65 ತುಂಬಿದ ದಿನ ಮನೆಗೆ ಹೋಗಬೇಕು. 63ರ ಕ್ಯಾಪ್ಟನ್‌ಗೆ ಇಂದಿನ ಬಾಕಿ ದುಡ್ಡೇ ಎಲ್ಲ, ಮುಂದಿನ ಒಪ್ಪಂದ ಅವನು ನಿವೃತ್ತನಾದ ಮೇಲೆ ಬರುತ್ತದೆ. 30ರ ಫಸ್ಟ್ ಆಫೀಸರ್ ಇಂದು ಬಿಟ್ಟುಕೊಟ್ಟ ಒಂದು ನಿಯಮದ ಕೆಳಗೆ ಮೂವತ್ತೈದು ವರ್ಷ ದುಡಿಯುತ್ತಾನೆ. ಒಂದೇ ಮತಪತ್ರವನ್ನು ಇಬ್ಬರೂ ಬೇರೆ ಬೇರೆಯಾಗಿ ಓದುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಏರ್ ಕೆನಡಾದ ಪೈಲಟ್‌ಗಳು ನಾಲ್ಕು ವರ್ಷದಲ್ಲಿ ಸುಮಾರು ಶೇ. 42 ಏರಿಕೆಯ ಒಪ್ಪಂದಕ್ಕೆ ಮತ ಹಾಕಿದಾಗ ಹೌದು ಎಂದವರು ಶೇ. 67 ಮಾತ್ರ. ಹೊಸಬರ ಮೊದಲ ವರ್ಷಗಳ ಕಡಿಮೆ ಸಂಬಳವನ್ನು ಪೂರ್ತಿ ತೆಗೆದುಹಾಕಿಲ್ಲ ಎಂಬುದು ಅಲ್ಲಿನ ಕಿರಿಯರ ಅಸಮಾಧಾನಗಳಲ್ಲೊಂದು. ಸಂಘ ಎಂದರೆ ಒಂದೇ ಮನಸ್ಸು ಎಂದು ಭಾವಿಸುವವರು ಈ ಮೂರರಲ್ಲೊಂದು ಪಾಲನ್ನು ನೆನಪಿಡಬೇಕು.

ಯುನೈಟೆಡ್ ಪೈಲಟ್‌ಗಳ ನಿರಾಕರಣೆಯಿಂದ ಆದದ್ದೇನು? ಅದರ ಹಿಂದಿನ ದಿನವಷ್ಟೇ ಡೆಲ್ಟಾ ಏರ್‌ಲೈನ್ಸ್‌ನ ಪೈಲಟ್‌ಗಳಲ್ಲಿ ಶೇ. 99 ಮಂದಿ ಅಗತ್ಯ ಬಿದ್ದರೆ ಮುಷ್ಕರಕ್ಕೆ ಸಿದ್ಧ ಎಂದು ಮತ ಹಾಕಿದ್ದರು. ಅದೇ ದಿನಗಳಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್ ಸಂಘದ ಆಡಳಿತ ಮಂಡಳಿ, ಸದಸ್ಯರ ಮುಂದೆ ಇಡಲೂ ಯೋಗ್ಯವಲ್ಲ ಎಂದು ಶೇ. 19ರ ಕೊಡುಗೆಯೊಂದನ್ನು 15–5 ಮತಗಳಿಂದ ತಳ್ಳಿಹಾಕಿತು. ಡಿಸೆಂಬರ್‌ನಲ್ಲಿ ಡೆಲ್ಟಾ ನಾಲ್ಕು ವರ್ಷದಲ್ಲಿ ಶೇ. 34 ಏರಿಕೆಗೆ ಒಪ್ಪಿತು. 2023ರ ಮಾರ್ಚ್ 1ರಂದು ಅಲ್ಲಿನ ಶೇ. 78 ಪೈಲಟ್‌ಗಳು ಅದಕ್ಕೆ ಹೂಂ ಎಂದರು. ಆ ಒಪ್ಪಂದದಲ್ಲಿ ಒಂದು ಜಾಣ ಷರತ್ತಿತ್ತು: ಯುನೈಟೆಡ್ ಅಥವಾ ಅಮೆರಿಕನ್ ಎಷ್ಟೇ ಕೊಟ್ಟರೂ ಡೆಲ್ಟಾದ ದರ ಅದಕ್ಕಿಂತ ಕನಿಷ್ಠ ಶೇ. 1 ಹೆಚ್ಚಿರಬೇಕು. ಆಮೇಲೆ ನಡೆದದ್ದು ಏಣಿಯಾಟ. ಮೇ ತಿಂಗಳಲ್ಲಿ ಅಮೆರಿಕನ್ ಒಪ್ಪಂದಕ್ಕೆ ಬಂತು. ಜುಲೈನಲ್ಲಿ, ಅಲ್ಲಿ ಮತದಾನ ಇನ್ನೇನು ತೆರೆಯಬೇಕು ಎನ್ನುವಾಗ, ಯುನೈಟೆಡ್ ಅದಕ್ಕಿಂತ ಮೇಲಿನ ಒಪ್ಪಂದ ಘೋಷಿಸಿತು. ಅಮೆರಿಕನ್ ಏರ್‌ಲೈನ್ಸ್ ತನ್ನ ಕರಡಿಗೆ ದಿಢೀರನೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಸೇರಿಸಿ ಮತಕ್ಕೆ ಕಳಿಸಿತು, ಆಗಸ್ಟ್‌ನಲ್ಲಿ ಶೇ. 73ರಷ್ಟು ಮತದಿಂದ ಅದು ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಯುನೈಟೆಡ್‌ನ ಹೊಸ ಒಪ್ಪಂದವನ್ನು ಶೇ. 82 ಪೈಲಟ್‌ಗಳು ಒಪ್ಪಿದರು. ಅದರ ಏರಿಕೆ ವಿಮಾನದ ಗಾತ್ರಕ್ಕೆ ತಕ್ಕಂತೆ ಶೇ. 34ರಿಂದ 40. 2024ರ ಜನವರಿಯಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್‌ನ ಪೈಲಟ್‌ಗಳು ಐದು ವರ್ಷದಲ್ಲಿ ಸುಮಾರು ಶೇ. 50 ಏರಿಕೆಯ ಒಪ್ಪಂದವನ್ನು ಶೇ. 93ರಷ್ಟು ಮತದಿಂದ ಅಂಗೀಕರಿಸಿದರು. 14 ಎಲ್ಲಿ, 40 ಎಲ್ಲಿ! ಅವಧಿ ಬೇರೆ, ಹಾಗಾಗಿ ನೇರ ಹೋಲಿಕೆ ಸಲ್ಲದು. ಆದರೂ ಒಂದು ವರ್ಷ ಕಾದದ್ದಕ್ಕೆ ನಷ್ಟವಾಯಿತು ಎಂದು ಯಾರೂ ಹೇಳಲಾರರು.

ಈ ಗೆಲುವು ಬರೀ ಒಗ್ಗಟ್ಟಿನಿಂದ ಬಂತು ಎಂದು ಸಂಘದವರು ಹೇಳಬಹುದು. ಪೂರ್ತಿ ಹಾಗಲ್ಲ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತ ಮೇಲೆ, ಫಸ್ಟ್ ಆಫೀಸರ್ ಆಗಲು ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕೆಂಬ ನಿಯಮ ಬಂತು. ಹೊಸಬರು ತಯಾರಾಗಲು ವರ್ಷಗಳು ಹಿಡಿಯತೊಡಗಿದವು. 2020ರಲ್ಲಿ ಕೋವಿಡ್ ಬಂದಾಗ ಕಂಪನಿಗಳೇ ದುಡ್ಡು ಕೊಟ್ಟು ಸಾವಿರಾರು ಹಿರಿಯ ಪೈಲಟ್‌ಗಳನ್ನು ಬೇಗ ನಿವೃತ್ತಿ ಮಾಡಿಸಿದವು. ಎರಡೇ ವರ್ಷದಲ್ಲಿ ಪ್ರಯಾಣಿಕರು ಮರಳಿ ಬಂದರು, ಪೈಲಟ್‌ಗಳು ಬರಲಿಲ್ಲ. ಶೇ. 94 ಮಂದಿ ಬೇಡ ಎಂದದ್ದು ಇಂಥ ಹೊತ್ತಿನಲ್ಲಿ.

ಹೊತ್ತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಫೆಡೆಕ್ಸ್ ಪೈಲಟ್‌ಗಳ ಕಥೆ ಹೇಳುತ್ತದೆ. ಅದು ಸರಕು ಸಾಗಿಸುವ ಕಂಪನಿ. ಕೋವಿಡ್ ಕಾಲದಲ್ಲಿ ಮನೆಮನೆಗೆ ಪೆಟ್ಟಿಗೆ ತಲುಪಿಸಿ ಬೀಗಿತ್ತು. 2023ರ ಜುಲೈನಲ್ಲಿ, ಶೇ. 30 ಏರಿಕೆಯ ಕರಡು ಒಪ್ಪಂದವನ್ನು ಅಲ್ಲಿನ ಪೈಲಟ್‌ಗಳು ಶೇ. 57ರಷ್ಟು ಮತದಿಂದ ತಿರಸ್ಕರಿಸಿದರು. ಅಷ್ಟರಲ್ಲಿ ಸರಕಿನ ಪ್ರಮಾಣ ಇಳಿಯತೊಡಗಿತ್ತು. ಕೆಲವೇ ತಿಂಗಳಲ್ಲಿ ಫೆಡೆಕ್ಸ್ ತನ್ನ ಪೈಲಟ್‌ಗಳಿಗೆ, ಬೇಕಾದರೆ ಪಿಎಸ್‌ಎ ಎಂಬ ಸಣ್ಣ ಪ್ರಾದೇಶಿಕ ವಿಮಾನ ಕಂಪನಿಯಲ್ಲಿ ಕೆಲಸಕ್ಕೆ ಅವಕಾಶವಿದೆ ನೋಡಿ ಎಂದು ಸೂಚಿಸಿತು. ಇದಕ್ಕಿಂತ ಸ್ಪಷ್ಟವಾಗಿ ನೀವು ನಮಗೆ ಹೆಚ್ಚಾಗಿದ್ದೀರಿ ಎಂದು ಹೇಳುವುದು ಕಷ್ಟ. ಎರಡು ವರ್ಷ ಕಳೆದರೂ ಅವರ ಪ್ರಕರಣ ಮಧ್ಯಸ್ಥಿಕೆಯಲ್ಲೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತು ಎಂದು ಹೌದು ಗುಂಪಿನವರು ಎಚ್ಚರಿಸುವುದು ಸುಳ್ಳು ಭಯವೇನಲ್ಲ. ಆದರೆ ಇದರಿಂದ ಬಂದದ್ದನ್ನು ಒಪ್ಪಿಕೊಳ್ಳುವುದೇ ಜಾಣತನ ಎಂಬ ತೀರ್ಮಾನಕ್ಕೆ ಬರಲಾಗದು. ಡೆಲ್ಟಾ ಪೈಲಟ್‌ಗಳು 2015ರಲ್ಲಿ ಶೇ. 65ರಷ್ಟು ಮತದಿಂದ ಒಂದು ಕರಡನ್ನು ಬೀಳಿಸಿ, 2016ರ ಡಿಸೆಂಬರ್‌ನಲ್ಲಿ ಅದಕ್ಕಿಂತ ಒಳ್ಳೆಯದನ್ನು ಪಡೆದಿದ್ದರು. ಬೇಡ ಎನ್ನುವ ಮತ ಧೈರ್ಯದ ಪರೀಕ್ಷೆ ಅಲ್ಲ. ಮುಂದಿನ ಎರಡು ವರ್ಷದಲ್ಲಿ ಕಂಪನಿಗೆ ನನ್ನ ಅಗತ್ಯ ಹೆಚ್ಚುವುದೋ ಇಳಿಯುವುದೋ ಎಂಬ ಅಂದಾಜು ಅದು. ಯುನೈಟೆಡ್‌ನವರ ಅಂದಾಜು ಸರಿಯಾಯಿತು, ಫೆಡೆಕ್ಸ್‌ನವರದು ತಪ್ಪಿತು.

ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಇಂಥ ಒಪ್ಪಂದಗಳೇ ಕಂಪನಿಗಳನ್ನು ಮುಳುಗಿಸುತ್ತವೆ ಎನ್ನುವವರು ಯುನೈಟೆಡ್‌ನ ಹಳೆಯ ಇತಿಹಾಸವನ್ನೇ ಎತ್ತಿ ತೋರಿಸುತ್ತಾರೆ. 2000ದಲ್ಲಿ ಅಲ್ಲಿನ ಪೈಲಟ್‌ಗಳು ಆ ಕಾಲಕ್ಕೆ ಅತಿ ದೊಡ್ಡದೆನಿಸಿದ ಒಪ್ಪಂದ ಪಡೆದರು. 2002ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕ್ರಮ ಸರಿಯಿದೆ, ಕಾರಣ ಸರಿಯಿಲ್ಲ. ನಡುವೆ 2001ರ ಸೆಪ್ಟೆಂಬರ್ 11ರ ದಾಳಿ ನಡೆದಿತ್ತು, ಅದಕ್ಕೂ ಮೊದಲೇ ಆರ್ಥಿಕ ಹಿಂಜರಿತ ಶುರುವಾಗಿತ್ತು. ಅದಕ್ಕಿಂತ ಮುಖ್ಯ, ಬೆಲೆ ತೆತ್ತವರು ಯಾರು ಎಂಬುದು. 2003ರಲ್ಲಿ ಪೈಲಟ್‌ಗಳ ಸಂಬಳ ಸುಮಾರು ಶೇ. 30 ಕಡಿತವಾಯಿತು, ಮುಂದೆ ಇನ್ನೊಮ್ಮೆ ಕತ್ತರಿ ಬಿತ್ತು. 2005ರಲ್ಲಿ ಪಿಂಚಣಿ ಯೋಜನೆಯನ್ನೇ ಕಂಪನಿ ಕೈಬಿಟ್ಟು ಸರ್ಕಾರಿ ವಿಮಾ ನಿಗಮದ ಮೇಲೆ ಹಾಕಿತು. 1994ರಲ್ಲಿ ಸಂಬಳ ಬಿಟ್ಟುಕೊಟ್ಟು ನೌಕರರು ಪಡೆದಿದ್ದ ಶೇ. 55ರ ಪಾಲುದಾರಿಕೆ ಕಾಸಿಗೆ ಬಾರದಾಯಿತು. ಕೆಟ್ಟ ಕಾಲದಲ್ಲಿ ಕಂಪನಿ ನೌಕರನಿಂದ ವಾಪಸು ಪಡೆಯುತ್ತದೆ ಎಂದ ಮೇಲೆ ಒಳ್ಳೆಯ ಕಾಲದಲ್ಲಿ ಅವನು ಕೈಚಾಚುವುದನ್ನು ತಪ್ಪೆನ್ನುವುದು ಹೇಗೆ? ಇನ್ನು 2023ರ ಜನವರಿಯಲ್ಲಿ ಏರಿಕೆ ಒಪ್ಪಿದ ಸ್ಪಿರಿಟ್ ಏರ್‌ಲೈನ್ಸ್ 2024ರ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಹೋದದ್ದು ನಿಜ. ಆದರೆ ಆ ನಡುವೆ ಅದರ ಎಂಜಿನ್‌ಗಳು ತಯಾರಿಕೆಯ ದೋಷದಿಂದ ತಪಾಸಣೆಗೆ ಹೋಗಿ ವಿಮಾನಗಳು ನೆಲ ಹಿಡಿದಿದ್ದವು, ಜೆಟ್‌ಬ್ಲೂ ಕಂಪನಿಯ ಜೊತೆಗಿನ ವಿಲೀನವನ್ನು ನ್ಯಾಯಾಲಯ ತಡೆದಿತ್ತು.

ಕೊನೆಗೆ ಎಲ್ಲ ಟಿಕೆಟ್ ದರದ ಮೇಲೆ ಬೀಳುತ್ತದೆ ಎಂಬ ಮಾತಿಗೆ ಕಾಗದ ಪೆನ್ಸಿಲ್ ಸಾಕು. ಇಬ್ಬರು ಪೈಲಟ್‌ಗಳಿಗೆ ಸೇರಿ ಗಂಟೆಗೆ 600 ಡಾಲರ್ ಎಂದಿಟ್ಟುಕೊಳ್ಳಿ. ಎರಡು ಗಂಟೆಯ ಹಾರಾಟ, 150 ಪ್ರಯಾಣಿಕರು: ತಲೆಗೆ 8 ಡಾಲರ್. ಅದು ಶೇ. 30 ಏರಿದರೆ ತಲೆಗೆ ಹೆಚ್ಚುವುದು ಎರಡೂವರೆ ಡಾಲರ್‌ಗೂ ಕಡಿಮೆ. ಪಿಂಚಣಿ, ತರಬೇತಿ, ರಜೆ ಎಲ್ಲ ಸೇರಿಸಿ ಇಮ್ಮಡಿ ಮಾಡಿದರೂ ಐದು ಡಾಲರ್ ಆಗದು. ಒಂದು ಸೂಟ್‌ಕೇಸ್ ಒಯ್ಯಲು ಅದೇ ಕಂಪನಿಗಳು ಇದರ ಹಲವು ಪಟ್ಟು ವಸೂಲಿ ಮಾಡುತ್ತವೆ.

ಭಾರತದಲ್ಲಿ ಇಂಥ ಮತದಾನದ ಪದ್ಧತಿ ಬೆಳೆದಿಲ್ಲ. ಇಲ್ಲಿ ಪೈಲಟ್‌ಗಳ ಮುಖ್ಯ ಅಸ್ತ್ರ ರಾಜೀನಾಮೆಯೇ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದ ಬಳಿಕ ಅಗ್ಗದ ವಿಮಾನಗಳ ಕಾಲ ಬಂತು. ಹೊಸ ಹೊಸ ಕಂಪನಿಗಳು ಒಬ್ಬರ ಪೈಲಟ್‌ಗಳನ್ನು ಇನ್ನೊಬ್ಬರು ಸೆಳೆಯತೊಡಗಿದವು. ಆಗ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2005ರಲ್ಲಿ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತು. 2017ರಲ್ಲಿ ಕ್ಯಾಪ್ಟನ್‌ಗಳಿಗೆ ಅದನ್ನು ಒಂದು ವರ್ಷಕ್ಕೆ ಏರಿಸಿತು. ಬಿಟ್ಟು ಹೋಗುವ ಬಾಗಿಲನ್ನು ಕಿರಿದು ಮಾಡಿದ ಸರ್ಕಾರ, ಕುಳಿತು ಮಾತಾಡುವ ಮೇಜನ್ನು ಹಾಕಲಿಲ್ಲ. 2009ರಲ್ಲಿ ಜೆಟ್ ಏರ್‌ವೇಸ್‌ನಲ್ಲಿ ಸಂಘ ಕಟ್ಟಲು ಹೋದ ಇಬ್ಬರು ಪೈಲಟ್‌ಗಳ ಕೆಲಸವೇ ಹೋಗಿ, ಉಳಿದವರು ಸಾಮೂಹಿಕ ಕಾಯಿಲೆ ರಜೆ ಹಾಕಿದರು. 2023ರ ಏಪ್ರಿಲ್‌ನಲ್ಲಿ ಟಾಟಾ ಒಡೆತನದ ಏರ್ ಇಂಡಿಯಾ ಹೊಸ ವೇತನ ಕರಾರನ್ನು ಒಬ್ಬೊಬ್ಬರಿಗೂ ಕಳಿಸಿತು, ಸಂಘಗಳು ಸಹಿ ಹಾಕಬೇಡಿ ಎಂದವು. ತಿಂಗಳಿಗೆ 70 ಗಂಟೆಯಿದ್ದ ಸಂಬಳದ ಖಾತ್ರಿ 40 ಗಂಟೆಗೆ ಇಳಿದದ್ದು ಆಕ್ಷೇಪದ ತಿರುಳು, ಅಲ್ಲೂ ಗಂಟೆಯದೇ ಜಗಳ. ಮರುವರ್ಷ ಅದೇ 40 ಗಂಟೆಯ ವ್ಯವಸ್ಥೆ ವಿಸ್ತಾರಾ ಎಂಬ ಇನ್ನೊಂದು ವಿಮಾನ ಕಂಪನಿಗೆ ಬಂದಾಗ ಪೈಲಟ್‌ಗಳು ಕೆಲಸಕ್ಕೆ ಬಾರದೆ ಹಾರಾಟಗಳು ರದ್ದಾದವು, ಕಂಪನಿ ದಿನಕ್ಕೆ 25–30 ಹಾರಾಟ ಕಡಿಮೆ ಮಾಡಬೇಕಾಯಿತು. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಬಳಿಕವಷ್ಟೇ ಜಾರಿಯಾಯಿತು. ಅಮೆರಿಕದ ಮತದಾನ ನಿಧಾನದ್ದು, ಗದ್ದಲದ್ದು, ಕೆಲವೊಮ್ಮೆ ಹೊತ್ತುಗೆಟ್ಟದ್ದು ಎನ್ನುವುದನ್ನು ಒಪ್ಪಿಕೊಂಡರೂ, ಗೇಟಿನ ಮುಂದೆ ಪ್ರಯಾಣಿಕ ಕಾದು ನಿಂತಾಗ ಆಸ್ಫೋಟಿಸುವ ಜಗಳಕ್ಕಿಂತ ಅದು ಮೇಲು.

ಯುನೈಟೆಡ್‌ನ ಶೇ. 94 ಮಂದಿ ಸರಿಯಾಗಿಯೇ ಮತ ಹಾಕಿದರು ಎಂಬುದು ನನ್ನ ಅಭಿಪ್ರಾಯ. ಸಿಕ್ಕ ದುಡ್ಡಿನಿಂದ ಮಾತ್ರ ಇದನ್ನು ಹೇಳುತ್ತಿಲ್ಲ. ಬೇಡ ಎನ್ನಲಾರದ ಸದಸ್ಯರ ಹೆಸರಿನಲ್ಲಿ ಮಾತುಕತೆಗೆ ಕುಳಿತ ಸಂಘಕ್ಕೆ ಕಂಪನಿ ಬೆಲೆ ಕೊಡುವುದಿಲ್ಲ. ಆ ನವೆಂಬರ್‌ನ ಮತದ ಬಳಿಕ ಯಾವ ದೊಡ್ಡ ಕಂಪನಿಯೂ ಶೇ. 14ರ ಕರಡನ್ನು ಮೇಜಿನ ಮೇಲಿಡಲಿಲ್ಲ. ಈ ಸುತ್ತಿನಲ್ಲಿ ಅತಿ ದೊಡ್ಡ ಕಂಪನಿಗಳ ಪೈಕಿ ಮೊದಲು ಹೂಂ ಎಂದ ಡೆಲ್ಟಾ ಪೈಲಟ್‌ಗಳ ಒಪ್ಪಂದ 2026ರ ಡಿಸೆಂಬರ್ 31ಕ್ಕೆ ಮತ್ತೆ ತಿದ್ದುಪಡಿಗೆ ತೆರೆದುಕೊಳ್ಳುತ್ತದೆ.